ಹಂಪೆಯ ತೇರುಬೀದಿ

ಕನ್ನಡಿಗರ ಬಾಯಲ್ಲಿ ‘ಹಾಳು ಹಂಪೆ’ ಎಂಬ ಎರಡು ಮಾತುಗಳು ಬೆಸೆದು ಒಂದೇ ಮಾತಾಗಿ ಹೋಗಿರುವುವು. ನಮ್ಮ ಮಕ್ಕಳು ಹಂಪೆಯ ಹೆಸರನ್ನು ಕಲಿಯುವಾಗಲೇ ಅದು ಹಾಳಾದುದೆಂಬುದನ್ನೂ ಕಲಿತುಬಿಡುವರು. ಅರಮನೆ ನೆಲಸಮವಾದುದು ದಿಟ. ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತುಹೋದುದೂ ದಿಟ. ಆನೆಯ ಸಾಲೆಯಲ್ಲಿ ಆನೆಗಳಿಲ್ಲದಿರುವುದೂ ದಿಟ. ಆದರೂ ಆ ಮಹಾನಗರದ ನಡುವೆ ಒಂದು ಬೀದಿ ಮಾತ್ರ ನಮ್ಮ ಕಾಲದವರೆಗೆ ಮನುಷ್ಯರ ವಾಸವನ್ನೂ ವ್ಯಾಪಾರವನ್ನೂ ಕಂಡಿದ್ದಿತು. ಅದೇ ಶ್ರೀ ವಿರೂಪಾಕ್ಷಸ್ವಾಮಿಯ ಗುಡಿಯ ಮುಂದಣ ತೇರುಬೀದಿ. ಜನರು ಹಂಪೆಯ ಬಜಾರೆಂದು ಕರೆಯುತ್ತಿದ್ದ ಬೀದಿ. 2011ನೆಯ ಇಸವಿ ಜುಲೈ 29ರಂದು ಅದು ಬರಿದಾಗತೊಡಗಿತು. ಬರಿದುಮಾಡಿದವರು ಶತ್ರುಗಳಲ್ಲ, ಹಂಪೆಯನ್ನು ಉಳಿಸಬೇಕೆಂದು ಹೊರಟವರೇ. ಇದು ಹೇಗಾಯಿತು, ಆಗಬೇಕಾಗಿದ್ದಿತೆ, ಹಳೆಯ ಪೇಟೆಗಳಲ್ಲಿ ಮನೆಮಾಡಿಕೊಂಡಿರುವ ಗೃಹಸ್ಥರಾದ ನಾವು ಇದರಿಂದ ತಿಳಿಯತಕ್ಕುದೇನು ಎಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಬೀದಿಯನ್ನು ಕಣ್ಣಮುಂದೆ ತಂದುಕೊಳ್ಳೋಣ. ಹೊಸಪೇಟೆಯಿಂದ ಹಂಪೆಗೆ ಹದಿಮೂರು ಕಿಲೋಮೀಟರಿನಷ್ಟು ದಾರಿ. ಎಡಬಲದಲ್ಲಿ ಬಾಳೆಯ ತೋಟ, ಕಬ್ಬಿನ ಗದ್ದೆ. ರಾಯರ ಕಾಲದಿಂದ ಹರಿದು ಬಂದಿರುವ ಕಾಲುವೆಗಳ ನೀರು. ಬಂಡೆಗಳ ಗುಡ್ಡವನ್ನು ಸುತ್ತಿ ಇಳಿದೊಡನೆ ವಿರೂಪಾಕ್ಷನ ಹಿರಿಯ ಗೋಪುರವು ಎದುರು ನಿಲ್ಲುವುದು. ಗುಡಿಯು ಮೂಡಣಕ್ಕೆ ಮುಖವಾಗಿರುವುದು. ಗೋಪುರದ ಬಾಗಿಲಿನಿಂದ ಹೊರಟ ಬೀದಿಯು ನೆಟ್ಟಗೆ ಮುಕ್ಕಾಲು ಕಿಲೋಮೀಟರಿನಷ್ಟು ದೂರ ಸಾಗಿ, ಮಾತಂಗ ಪರ್ವತದ ಬುಡದಲ್ಲಿ ಮಂಟಪದೊಳಗೆ ಮಲಗಿರುವ ಒಂದೇ ಕಲ್ಲಿನ ಬಸವಣ್ಣನ ಮುಂದೆ ಮುಗಿಯುವುದು. ಈ ಬಸವಣ್ಣನನ್ನು ಊರವರು ಎದುರು ಬಸವಣ್ಣನೆನ್ನುವರು. ತೇರು ಓಡಾಡುವಷ್ಟು ಅಗಲವಾದ ಆ ಬೀದಿಯ ಎರಡು ಮಗ್ಗುಲಲ್ಲಿಯೂ ಕಣಶಿಲೆಯ ಕಂಬಗಳ ಸಾಲುಮಂಟಪಗಳು. ಅಲ್ಲಲ್ಲಿ ಎರಡು ಅಂತಸ್ತಿನವು. ಬಡಗಣದಲ್ಲಿ ತುಂಗಭದ್ರೆ, ತೆಂಕಣದಲ್ಲಿ ಹೇಮಕೂಟ. ಇಷ್ಟೇ ಆ ಬೀದಿಯ ಮೈಮಾಟ.

ಈ ಮಂಟಪಗಳನ್ನು ನಮ್ಮ ಹಿರಿಯರು ನೋಟಕ್ಕಾಗಿ ಕಟ್ಟಿಸಿದವರಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ದೇಶದ ಡೊಮಿಂಗೊ ಪಾಯಸನು ಗುಡಿಯ ಮುಂದಣ ಬೀದಿಯನ್ನು ಕಂಡು ಬರೆದಿಟ್ಟಿರುವನು. ಬೀದಿಯಲ್ಲಿ ಬಲು ಚೆಲುವಾದ ಮನೆಗಳಿದ್ದುವೆಂದೂ, ಅವುಗಳ ಸಾಲುಜಗಲಿಗಳಲ್ಲಿ ಯಾತ್ರಿಕರು ತಂಗುತ್ತಿದ್ದರೆಂದೂ, ದೊಡ್ಡವರು ಇಳಿದುಕೊಳ್ಳುವುದಕ್ಕೆ ಬೇರೆ ಬಿಡಾರಗಳಿದ್ದುವೆಂದೂ, ಅರಸನಿಗೂ ಅದೇ ಬೀದಿಯಲ್ಲಿ ಒಂದು ಅರಮನೆ ಇದ್ದಿತೆಂದೂ ಅವನ ಹೇಳಿಕೆ. ಅವನಿಗಿಂತ ಮುಂಚೆ, 1443ರಲ್ಲಿ, ಪಾರಸೀಕ ದೇಶದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಈ ನಗರದ ಪೇಟೆಗಳಲ್ಲಿ ಹೂವಿನ ವ್ಯಾಪಾರವನ್ನು ಕಂಡು ಬೆರಗಾದನು. ಇಲ್ಲಿಯ ಜನರಿಗೆ ಹೂವೂ ಅನ್ನದಷ್ಟೇ ಅವಶ್ಯವೆಂದು ಅವನಿಗೆ ತೋರಿತು. ದೇವರು, ಯಾತ್ರಿಕ, ವ್ಯಾಪಾರಿ, ಅರಸು, ಈ ನಾಲ್ವರಿಗೂ ಸಮನಾಗಿ ಎಡೆಕೊಟ್ಟ ಬೀದಿ ಇದು. ಗುಡಿಗೆ ಬೀದಿಯೂ ಬೀದಿಗೆ ಗುಡಿಯೂ ಒಂದಕ್ಕೊಂದು ಆಸರೆಯಾಗಿದ್ದುವು.

ಹಂಪೆಯಲ್ಲಿ ಇಂತಹ ಪೇಟೆಗಳು ಒಂದೆರಡಲ್ಲ. ಕೃಷ್ಣನ ಗುಡಿಯ ಮುಂದೆ ಒಂದು, ಅಚ್ಯುತರಾಯನ ಗುಡಿಯ ಮುಂದೆ ಒಂದು, ವಿಠ್ಠಲನ ಗುಡಿಯ ಮುಂದೆ ಒಂದು. ಅರಮನೆಯ ಕಡೆಗೆ ಪಾನಸುಪಾರಿ ಬಜಾರು. ಕೃಷ್ಣದೇವರಾಯನು ಪಟ್ಟವನ್ನೇರಿದ ನೆನಪಿಗಾಗಿ 1510ರಲ್ಲಿ ವಿರೂಪಾಕ್ಷನಿಗೆ ರಂಗಮಂಟಪವನ್ನು ಕಟ್ಟಿಸಿದನು. ಅವನೇ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವೆಂಬ ಹೊಸ ಊರನ್ನೂ ಎತ್ತಿಸಿದನು. ಅದೇ ಇಂದಿನ ಹೊಸಪೇಟೆ. ಅದರ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸುವಾಗ ಗೋವೆಯಿಂದ ಪೋರ್ಚುಗೀಸ್ ಕಲ್ಲುಕೆಲಸದವನೊಬ್ಬನನ್ನು ಕರೆಸಿಕೊಂಡನೆಂದು ನ್ಯೂನಿಜನು ಬರೆದಿರುವನು. ಎಂದಮೇಲೆ ನಗರವನ್ನು ಹೊಸದಾಗಿ ರೂಪಿಸುವುದು, ಪೇಟೆಯನ್ನು ಗೆರೆಯೆಳೆದು ಕಟ್ಟುವುದು, ಇವು ಪರದೇಶದಿಂದ ನಿನ್ನೆಮೊನ್ನೆ ಬಂದ ವಿದ್ಯೆಗಳಲ್ಲ. ಈ ನೆಲಕ್ಕೆ ಅವು ಹಳೆಯ ಪರಿಚಯ.

1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗವಾಯಿತು. ರಾಜಧಾನಿಯು ಸೂರೆಹೋಯಿತು; ಜನರು ಚದರಿದರು. ಆದರೆ ಸುತ್ತಣ ಸೀಮೆಯು ಪೂರಾ ನಿರ್ಜನವಾಗಲಿಲ್ಲ. ನಾಗಲಾಪುರವು ಹೊಸಪೇಟೆಯಾಗಿ ಉಳಿಯಿತು. ಕುಮಾರರಾಮನ ನೆನಪಿನ ಕಂಪ್ಲಿ ಹೊಳೆಯ ದಂಡೆಯಲ್ಲಿ ಉಳಿಯಿತು. ಕಮಲಾಪುರವೂ ಆನೆಗೊಂದಿಯೂ ಉಳಿದುವು. ವಿರೂಪಾಕ್ಷನ ಪೂಜೆಯೂ ನಿಲ್ಲಲಿಲ್ಲ. ಬ್ರಿಟಿಷರ ಕಾಲದಲ್ಲಿ, 1799–1800ರಲ್ಲಿ, ಕಾಲಿನ್ ಮೆಕೆಂಜಿಯು ಈ ಹಾಳುಗಳ ನಕ್ಷೆಯನ್ನು ಬರೆಯಿಸಿದನು. 1856ರಲ್ಲಿ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ಇವುಗಳ ಛಾಯಾಚಿತ್ರಗಳನ್ನು ತೆಗೆದನು. 1900ರಲ್ಲಿ ರಾಬರ್ಟ್ ಸಿವೆಲ್ಲನ ಗ್ರಂಥವೂ, 1917ರಲ್ಲಿ ಲಾಂಗ್‌ಹರ್ಸ್ಟನ ಗ್ರಂಥವೂ ಹೊರಬಂದು, ಹಂಪೆಯ ಹೆಸರು ದೇಶಾಂತರಗಳಲ್ಲಿ ಹಬ್ಬಿತು. ಭಕ್ತರು ದೇವರನ್ನು ನೋಡಬರುತ್ತಿದ್ದ ಊರಿಗೆ ಇನ್ನು ಕಲ್ಲನ್ನು ನೋಡಬರುವವರೂ ಬರತೊಡಗಿದರು. ಮುಂದಿನ ಎಲ್ಲ ತೊಡಕಿನ ಬೀಜವು ಇಲ್ಲಿರುವುದು.

ಎರಡನೆಯ ಮಹಾಯುದ್ಧವು ಇನ್ನೂ ಮುಗಿಯದಿದ್ದಾಗ, 1945ರ ಫೆಬ್ರವರಿಯಲ್ಲಿ, ಮದರಾಸು ಮತ್ತು ಹೈದರಾಬಾದು ಸರ್ಕಾರಗಳು ಹೊಸಪೇಟೆಯ ಬಳಿ ತುಂಗಭದ್ರೆಗೆ ಅಣೆಕಟ್ಟನ್ನು ಕಟ್ಟಲು ಅಡಿಗಲ್ಲನ್ನು ಹಾಕಿಸಿದುವು. ಯುದ್ಧಾನಂತರದ ದಿನಗಳಲ್ಲಿ ಕೆಲಸವು ಭರದಿಂದ ಸಾಗಿ, 1953ರಲ್ಲಿ ಕಾಲುವೆಗಳಿಗೆ ನೀರನ್ನು ಬಿಟ್ಟರು. ಅನೇಕ ಹಳ್ಳಿಗಳು ಮುಳುಗಿದುವು. ನಾರಾಯಣದೇವರಕೆರೆಯವರು ತಮ್ಮ ಊರನ್ನು ನೀರಿಗೆ ಒಪ್ಪಿಸಿ ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಹೊಸಪೇಟೆಯು ಕಾಲುವೆಯ ಊರಾಗಿ, ಕೂಲಿಕಾರರ ಊರಾಗಿ, ಸಂಡೂರಿನ ಅದಿರು ಸಾಗುವ ದಾರಿಯಾಗಿ ಬೆಳೆಯಿತು. ಸ್ವಾತಂತ್ರ್ಯ ಬಂದ ಮೇಲಣ ಈ ದಶಕಗಳಲ್ಲಿಯೇ ಹಂಪೆಯ ತೇರುಬೀದಿಯೂ ಮತ್ತೆ ತುಂಬಿತು. ಸುತ್ತಣ ಹಳ್ಳಿಗಳ ಬಡ ಸಂಸಾರಗಳು ಬಂದು, ಬರಿದಾಗಿದ್ದ ಮಂಟಪಗಳ ಕಂಬದಿಂದ ಕಂಬಕ್ಕೆ ಗೋಡೆಯನ್ನು ಹಾಕಿಕೊಂಡುವು. ಮುಂದೆ ಅಂಗಡಿ, ಹಿಂದೆ ಅಡಿಗೆಯ ಮನೆ, ನಡುವೆ ಸಂಸಾರ.

ಅಂದಿನ ಬಜಾರನ್ನು ಕಂಡವರು ಅದನ್ನು ಮರೆಯಲಾರರು. ಗುಡಿಯ ಬಾಗಿಲಿನ ಬಳಿ ತೆಂಗಿನಕಾಯಿ, ಬಾಳೆಹಣ್ಣು, ಊದುಬತ್ತಿ, ಕುಂಕುಮಗಳ ಅಂಗಡಿಗಳು; ಮುಂದೆ ಹೋದಂತೆ ಕಾಫಿ ಇಡ್ಲಿಗಳ ಹೋಟಲುಗಳು, ಪುಸ್ತಕದಂಗಡಿ, ಬಾಡಿಗೆಯ ಬೈಸಿಕಲ್ಲುಗಳು. ಲಂಬಾಣಿ ಹೆಂಗಸರ ಕನ್ನಡಿಯ ಕಸೂತಿಯ ಚೀಲಗಳೂ ರವಿಕೆಗಳೂ ಅಲ್ಲಿ ನೇತಾಡುತ್ತಿದ್ದುವು. ಈ ಕಸೂತಿಯು ಅಲ್ಪವಾದುದೆಂದು ಯಾರೂ ಎಣಿಸಬಾರದು. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿರುವುದು. ಅಂದರೆ ಆ ಹೆಸರನ್ನಿಟ್ಟುಕೊಂಡು ಬೇರೆ ಸೀಮೆಯವರು ಮಾರುವಂತಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕೈಕೆಲಸಕ್ಕೂ ಹೊಲತೋಟಗಳ ಫಲಕ್ಕೂ ದೂರದೇಶದ ಗಿರಾಕಿಯನ್ನು ತಂದು ನಿಲ್ಲಿಸುತ್ತಿದ್ದ ಬೀದಿ ಅದು. ಇಂಗ್ಲೀಷು, ಫ್ರೆಂಚು, ಹೀಬ್ರೂ ಭಾಷೆಗಳ ನಾಲ್ಕು ಮಾತುಗಳನ್ನು ಗಿರಾಕಿಗಳಿಂದಲೇ ಕಲಿತ ಹುಡುಗರು ಅಲ್ಲಿದ್ದರು.

ಇಷ್ಟನ್ನು ಹೇಳಿ ಇನ್ನೊಂದು ಮಗ್ಗುಲನ್ನು ಮರೆಸುವುದು ನ್ಯಾಯವಲ್ಲ. ವಾಸದಿಂದ ಮಂಟಪಗಳಿಗೆ ಕೆಡುಕಾಯಿತೆಂಬುದು ನಿಜ. ಕಂಬಗಳಿಗೆ ಮೊಳೆ ಬಿದ್ದುವು; ಒಲೆಯ ಹೊಗೆ ಮುಚ್ಚಳಿಗೆಯ ಕಲ್ಲಿಗೆ ಹತ್ತಿತು; ಬಚ್ಚಲಿನ ನೀರು ಬುಡವನ್ನು ಸೇರಿತು. ಬರಬರುತ್ತ ಇಟ್ಟಿಗೆ ಸಿಮೆಂಟುಗಳ ಮಹಡಿಗಳು ಎದ್ದು, ಹಳೆಯ ಕಟ್ಟಡದ ಚಹರೆಯೇ ಮರೆಯಾಗತೊಡಗಿತು. ಬಡವನು ನೆರಳಿಗಾಗಿ ಕಟ್ಟಿದ ಗೋಡೆಗೂ, ಲಾಭಕ್ಕಾಗಿ ಎಬ್ಬಿಸಿದ ವಸತಿಗೃಹಕ್ಕೂ ಭೇದವಿರುವುದಾದರೂ, ಕಲ್ಲಿಗೆ ಆ ಭೇದ ತಿಳಿಯದು. ಭಾರವು ಭಾರವೇ.

ಕಾನೂನಿನ ಮಾತನ್ನೂ ಇಲ್ಲಿ ತಿಳಿದುಕೊಳ್ಳುವುದು ಲೇಸು. ಹಳೆಯ ಗುಡಿ ಕೋಟೆಗಳ ನೆರೆಯಲ್ಲಿ ಮನೆಯುಳ್ಳವರೆಲ್ಲರಿಗೂ ಇದು ಸಂಬಂಧಪಟ್ಟುದು. ಪ್ರಾಚೀನ ಸ್ಮಾರಕಗಳನ್ನು ಕುರಿತ ಕೇಂದ್ರದ ಶಾಸನವು 1958ರದು. 2010ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಅದರಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರುಗಳವರೆಗೆ ಹೊಸ ಕಟ್ಟಡವನ್ನು ಕಟ್ಟಕೂಡದು. ಇರುವುದನ್ನು ದುರಸ್ತಿ ಮಾಡಿಸಬೇಕಾದರೂ ಅಪ್ಪಣೆ ಬೇಕು. ಅದರಾಚೆಯ 200 ಮೀಟರುಗಳಲ್ಲಿ ಅಪ್ಪಣೆಯಿಲ್ಲದೆ ಕಟ್ಟುವಂತಿಲ್ಲ. ಹಂಪೆಯ ಸೀಮೆಯಲ್ಲಿ ಇದಲ್ಲದೆ ರಾಜ್ಯದ 1961ರ ಶಾಸನವೂ, ಅದರಡಿಯಲ್ಲಿ 1988ರ ಅಕ್ಟೋಬರಿನಲ್ಲಿ ಹೊರಟ ಪ್ರಕಟಣೆಯೂ ಇರುವುವು.

ಈ ನಡುವೆ 1986ರಲ್ಲಿ ಯುನೆಸ್ಕೊ ಸಂಸ್ಥೆಯು ಹಂಪೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದು ನಮಗೆಲ್ಲ ಹೆಮ್ಮೆಯ ಸಂಗತಿ. ಆದರೆ 1999ರಲ್ಲಿ ಅದೇ ಸಂಸ್ಥೆಯು ಹಂಪೆಯನ್ನು ‘ಅಪಾಯದಲ್ಲಿರುವ’ ಸ್ಥಳಗಳ ಪಟ್ಟಿಗೂ ಸೇರಿಸಿತು. ರಕ್ಷಿತ ಸೀಮೆಯೊಳಗೆ ಹೊಳೆಗೆ ಅಡ್ಡಲಾಗಿ ತೂಗುಸೇತುವೆಗಳನ್ನು ಕಟ್ಟಲು ತೊಡಗಿದ್ದುದೇ ಕಾರಣ. ಆ ಅಪಕೀರ್ತಿಯಿಂದ ಪಾರಾಗಲು ರಾಜ್ಯವು 2002ರ ಶಾಸನದಿಂದ ಹಂಪೆಗಾಗಿ ಬೇರೊಂದು ಪ್ರಾಧಿಕಾರವನ್ನು ರಚಿಸಿತು. 2006ರಲ್ಲಿ ಹಂಪೆಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಿದ್ದಿತು. ಆನೆಗೊಂದಿಯ ಕಡೆಯ ಸೇತುವೆಯು ಬಳಕೆಗೆ ಬರುವ ಮೊದಲೇ, 2009ರ ಜನವರಿಯಲ್ಲಿ, ಕುಸಿದುಬಿದ್ದು ಕೆಲಸಗಾರರು ಪ್ರಾಣಬಿಟ್ಟರು. ಸ್ಮಾರಕಗಳ ವಿಷಯದಲ್ಲಿ ಅಧಿಕಾರಿಗಳು ಕಟ್ಟುನಿಟ್ಟಾಗಬೇಕೆಂಬ ಒತ್ತಡವು ಹೀಗೆ ಬೆಳೆಯುತ್ತ ಬಂದಿತು. ನ್ಯಾಯಾಲಯಗಳಲ್ಲಿಯೂ ಮೊಕದ್ದಮೆಗಳು ನಡೆದುವು.

ಕಡೆಗೆ 2011ರ ಜುಲೈ 29ನೆಯ ದಿನವು ಬಂದಿತು. ಮಣ್ಣಗೆಯುವ ಯಂತ್ರಗಳು ಬೀದಿಯನ್ನು ಹೊಕ್ಕುವು. ತಮಗೆ ದೊರೆತ ಸೂಚನೆ ಹಿಂದಿನ ರಾತ್ರಿಯದೆಂದು ನಿವಾಸಿಗಳು ಹೇಳಿದರು. ಆಡಳಿತದವರು ನ್ಯಾಯಾಲಯದ ಆದೇಶವನ್ನೂ ಸ್ಮಾರಕದ ರಕ್ಷಣೆಯನ್ನೂ ಮುಂದಿಟ್ಟರು. ಪಾತ್ರೆ ಪರಡಿ, ಹಾಸಿಗೆ, ದೇವರ ಪಟ, ಮಕ್ಕಳ ಪುಸ್ತಕ, ಅಂಗಡಿಯ ಸರಕು, ಎಲ್ಲವೂ ಬೀದಿಗೆ ಬಂದುವು. ಮಂಟಪಗಳ ಮುಂದಣ ಗೋಡೆಗಳು ಉರುಳಿದುವು. ಮುನ್ನೂರಕ್ಕೂ ಹೆಚ್ಚು ಸಂಸಾರಗಳು ನೆಲೆತಪ್ಪಿದುವು. ಕೆಲಸದ ಭರದಲ್ಲಿ ಹಳೆಯ ಮಂಟಪಗಳಿಗೂ ಪೆಟ್ಟುಬಿದ್ದಿತೆಂಬ ದೂರು ಕೇಳಿಬಂದಿತು. ಗುಡಿಯಿಂದ ನಾಲ್ಕು ಕಿಲೋಮೀಟರಿನಷ್ಟು ದೂರದ ಕದ್ದಿರಾಂಪುರದಲ್ಲಿ ಬದಲು ನಿವೇಶನಗಳೆಂದು ಗೊತ್ತಾಯಿತು. ಆದರೆ ನಿವೇಶನವು ಮನೆಯಲ್ಲ. ಅಂಗಡಿಯಂತೂ ಅಲ್ಲವೇ ಅಲ್ಲ. ಕಾಯಿಕರ್ಪೂರವನ್ನು ಮಾರುವವನ ಬದುಕು ಗುಡಿಯ ಬಾಗಿಲಿನಲ್ಲಿರುವುದು. ನಾಲ್ಕು ಕಿಲೋಮೀಟರಿನಾಚೆ ಅವನ ಕಾಯಿಯನ್ನು ಕೊಳ್ಳುವವರಾರು?

ಇಲ್ಲಿ ಎರಡು ನ್ಯಾಯಗಳು ಎದುರುಬದುರಾಗಿ ನಿಂತಿರುವುವು. ಹಂಪೆಯ ಕಲ್ಲು ಆ ಬೀದಿಯ ಮುನ್ನೂರು ಸಂಸಾರಗಳ ಸ್ವತ್ತಲ್ಲ; ಅದು ಎಲ್ಲರ ಸ್ವತ್ತು, ಇನ್ನೂ ಹುಟ್ಟಬೇಕಾದವರದೂ ಅಹುದು ಎಂಬುದೊಂದು. ಕಟ್ಟಿದಂದಿನಿಂದ ಬೀದಿಯು ಜನರದು, ಜನರನ್ನು ಕಳೆದ ಬೀದಿ ಬೀದಿಯೇ ಅಲ್ಲ ಎಂಬುದಿನ್ನೊಂದು. ಮೊದಲನೆಯದನ್ನು ನಾವು ಒಪ್ಪುವೆವು. ಎರಡನೆಯದನ್ನು ಒಪ್ಪದಿರಲು ನಮ್ಮಿಂದಾಗದು. ಗುಡಿಯೊಳಗೆ ಗಂಟೆ ಬಾರಿಸುವುದು, ದೀಪ ಹಚ್ಚುವುದು, ಅಭಿಷೇಕ ಮಾಡುವುದು ಇಂದಿಗೂ ನಡೆದಿರುವುವು. ಇದರಿಂದ ಕಲ್ಲಿಗೆ ಎಣ್ಣೆ ಹತ್ತುವುದೆಂದು ಯಾರೂ ಪೂಜೆಯನ್ನು ನಿಲ್ಲಿಸಲಿಲ್ಲ. ಜೀವಂತವಾದ ಗುಡಿಯೆಂದು ಅದನ್ನು ಗೌರವಿಸಿ, ಪೂಜೆಗೂ ರಕ್ಷಣೆಗೂ ಹೊಂದಿಕೆಯನ್ನು ಮಾಡಿಕೊಂಡಿರುವರು. ಬೀದಿಯ ವಿಷಯದಲ್ಲಿ ಆ ಹೊಂದಿಕೆ ಸಾಧ್ಯವಾಗಲಿಲ್ಲವೇಕೆ?

ಈ ಪ್ರಶ್ನೆಯು ನಮ್ಮೊಬ್ಬರದೇ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ನೆಲಕಚ್ಚಿದ ಯೂರೋಪಿನ ನಗರಗಳಿಗೂ ಇದು ಎದುರಾಗಿದ್ದಿತು. ಅವುಗಳಲ್ಲಿ ಎರಡರ ಕಥೆಯು ನಮಗೆ ಉಪಯುಕ್ತವಾದುದು. ಪೋಲೆಂಡಿನ ವಾರ್ಸಾ ನಗರವನ್ನು 1944ರಲ್ಲಿ ಜರ್ಮನರು ಬುದ್ಧಿಪೂರ್ವಕವಾಗಿ ಉರುಳಿಸಿದರು. ಹಳೆಯ ಪೇಟೆಯಲ್ಲಿ ನೂರಕ್ಕೆ ಎಂಬತ್ತೈದು ಪಾಲಿಗಿಂತ ಹೆಚ್ಚು ನಾಶವಾಯಿತು. ಯುದ್ಧ ಮುಗಿದ ಮೇಲೆ ಅಲ್ಲಿಯವರು ಹಳೆಯ ಅಳತೆಯ ನಕ್ಷೆಗಳನ್ನೂ, ಹದಿನೆಂಟನೆಯ ಶತಮಾನದಲ್ಲಿ ಬೆಲ್ಲೊಟ್ಟೊ ಎಂಬ ಚಿತ್ರಕಾರನು ಬರೆದಿದ್ದ ಚಿತ್ರಗಳನ್ನೂ ಹುಡುಕಿ ತೆಗೆದು, ಪೇಟೆಯನ್ನು ಮೊದಲಿದ್ದಂತೆಯೇ ಎಬ್ಬಿಸಿದರು. ಆದರೆ ಹೊರಗಣ ಮುಖವನ್ನು ಹಳೆಯದಾಗಿ ಮಾಡಿದರೂ ಒಳಗಣ ಮನೆಗಳನ್ನು ಸಂಸಾರಗಳ ವಾಸಕ್ಕೆ ತಕ್ಕಂತೆ ಅಣಿಗೊಳಿಸಿದರು. 1953ರಲ್ಲಿ ಪೇಟೆಯ ಚೌಕವನ್ನು ತೆರೆದಾಗ ಅದು ಜನವಸತಿಯ ಚೌಕವಾಗಿದ್ದಿತು. 1980ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು.

ಹಾಲೆಂಡಿನ ರಾಟರ್‌ಡ್ಯಾಮಿನವರು ಬೇರೆ ದಾರಿಯನ್ನು ಹಿಡಿದರು. 1940ರ ಮೇ 14ರಂದು ಬಾಂಬುಗಳಿಂದ ಸುಟ್ಟುಹೋದ ನಡುಪೇಟೆಯನ್ನು ಅವರು ಹಿಂದಿನಂತೆ ಕಟ್ಟಲಿಲ್ಲ. 1953ರಲ್ಲಿ ಅಲ್ಲಿ ಲೈನ್‌ಬಾನ್ ಎಂಬ ಹೊಚ್ಚಹೊಸ ಅಂಗಡಿಬೀದಿಯನ್ನು ತೆರೆದರು. ಗಾಡಿಗಳಿಗೆ ಅಲ್ಲಿ ಪ್ರವೇಶವಿಲ್ಲ, ನಡೆಯುವವರಿಗೆ ಮಾತ್ರ. 2010ರಲ್ಲಿ ಆ ಅಂಗಡಿಬೀದಿಯನ್ನೇ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು; ಅಂಗಡಿಗಳು ಮಾತ್ರ ತೆರೆದೇ ಇದ್ದುವು. ಒಂದು ಊರು ಹಳೆಯದನ್ನು ಮರಳಿ ತಂದಿತು, ಇನ್ನೊಂದು ಹೊಸದನ್ನು ಬರಮಾಡಿಕೊಂಡಿತು. ಆದರೆ ಪೇಟೆಯೆಂದರೆ ಜನರಿರುವ ಎಡೆ ಎಂಬುದನ್ನು ಎರಡೂ ಬಿಟ್ಟುಕೊಡಲಿಲ್ಲ. ಹಂಪೆಯ ಪರಿಸ್ಥಿತಿ ಬೇರೆ, ಇಲ್ಲಿಯ ಕಲ್ಲು ಐದುನೂರು ವರ್ಷದ್ದು ಎಂಬುದು ನಮಗೆ ಗೊತ್ತು. ಮಂಟಪಗಳಲ್ಲಿ ಸಂಸಾರ ಹೂಡುವುದು ಸಲ್ಲದಿರಬಹುದು. ಆದರೆ ಹಗಲು ಹೊತ್ತು ಕುಳಿತು ಹೂಹಣ್ಣುಗಳನ್ನು ಮಾರಿ, ಸಂಜೆ ಸರಕನ್ನು ಎತ್ತಿಕೊಂಡು ಹೋಗುವುದರಿಂದ ಕಂಬಕ್ಕೇನು ಭಾರ?

ನೆಲೆತಪ್ಪಿದವರಲ್ಲಿ ಕೆಲವರು ಕದ್ದಿರಾಂಪುರಕ್ಕೆ ಹೋದರು. ಕೆಲವರು ಬೀದಿಯ ಹಿಂಬದಿಯಲ್ಲಿ ಹೊಳೆಯ ಕಡೆಗಿರುವ ಜನತಾ ಪ್ಲಾಟಿನ ಕಿರಿದಾದ ಓಣಿಗಳಲ್ಲಿ ಅಂಗಡಿಗಳನ್ನು ಹೂಡಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಗೆ ಪ್ರವಾಸಿಗರ ಓಡಾಟವು ಹೆಚ್ಚಿದುದೂ ಉಂಟು. ಆದರೆ 2020ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗಡ್ಡೆಯ ಹೋಟಲುಗಳೂ ರಕ್ಷಿತ ಸೀಮೆಯಲ್ಲಿ ಅಕ್ರಮವಾಗಿ ಎದ್ದುವೆಂದು ತೀರ್ಪುಕೊಟ್ಟಿತು. ಮರುತಿಂಗಳಲ್ಲಿಯೇ ಅವೂ ನೆಲಸಮವಾದುವು. ತೇರುಬೀದಿಯ ಮಂಟಪಗಳನ್ನು ಪುರಾತತ್ವ ಇಲಾಖೆಯವರು ಒಂದೊಂದು ಭಾಗವಾಗಿ ಸರಿಪಡಿಸುತ್ತ ಬಂದರು. ಆ ಕೆಲಸವು ಮುಗಿಯುವ ಮೊದಲೇ, 2024ರ ಮೇ ತಿಂಗಳಿನ ದೊಡ್ಡ ಮಳೆಗೆ ಸಾಲುಮಂಟಪದ ಒಂದು ತುಂಡು ಕುಸಿದುಬಿದ್ದಿತು. ಜನರು ಹೋದುದರಿಂದ ಅದು ಬಿದ್ದಿತೆಂದು ನಾವು ಹೇಳುವುದಿಲ್ಲ; ಹಳೆಯ ಕಟ್ಟಡಕ್ಕೆ ಮಳೆಯೂ ಒಂದು ಶತ್ರು. ಆದರೆ ಜನರನ್ನು ತೆಗೆದಮಾತ್ರಕ್ಕೆ ಕಲ್ಲು ಉಳಿಯುವುದೆಂಬ ಎಣಿಕೆಯು ಸಾಲದೆಂಬುದು ಅಂದು ಎಲ್ಲರಿಗೂ ಕಂಡಿತು. ಕಟ್ಟಡಕ್ಕೆ ನಿತ್ಯವೂ ನೋಡುವ ಕಣ್ಣು ಬೇಕು. ಸೋರುವ ಸೂರನ್ನು ಮೊದಲು ಕಾಣುವವನು ಅದರ ಕೆಳಗೆ ಕುಳಿತವನು.

ಹಾಗಾದರೆ ಏನು ಮಾಡಬಹುದಾಗಿದ್ದಿತು? ಮೊದಲನೆಯದಾಗಿ, ಕಾಲಾವಕಾಶ. ಐವತ್ತು ವರ್ಷ ಕಣ್ಣುಮುಚ್ಚಿ ಸುಮ್ಮನಿದ್ದು ಒಂದು ಬೆಳಗ್ಗೆ ಕಣ್ತೆರೆಯುವುದು ಆಡಳಿತದ ಲಕ್ಷಣವಲ್ಲ. ಮೊದಲ ಗೋಡೆಯನ್ನು ಹಾಕಿದಾಗಲೇ ತಡೆದಿದ್ದರೆ ಮುನ್ನೂರು ಸಂಸಾರಗಳು ಬೇರುಬಿಡುತ್ತಿರಲಿಲ್ಲ. ಬೇರುಬಿಡಗೊಟ್ಟ ಮೇಲೆ ಮೆಲ್ಲಗೆ ಬಿಡಿಸಿ ನೆಡಬೇಕೇ ಹೊರತು ಕೀಳಬಾರದು. ಎರಡನೆಯದಾಗಿ, ಹೊಸ ಮನೆ ನಿಂತ ಮೇಲೆ ಹಳೆಯದನ್ನು ಬಿಡಿಸಬೇಕು. ಅಣೆಕಟ್ಟಿನ ಕಾಲದಲ್ಲಿ ಮರಿಯಮ್ಮನಹಳ್ಳಿಗೆ ಬಂದವರ ಕಷ್ಟವು ಕಡಿಮೆಯದಾಗಿರಲಿಲ್ಲ. ಆದರೂ ಅಲ್ಲಿ ಊರವರು ಒಟ್ಟಾಗಿ ನೆಲೆಸಿ ಮತ್ತೆ ಊರಾದರು. ಆ ಸೀಮೆಯು ಮುಂದೆ ನಾಟಕದ ಕಲಾವಿದರ ತವರೆಂದು ಹೆಸರಾಯಿತು. ಮೂರನೆಯದಾಗಿ, ಕಲ್ಲಿಗೆ ಕೇಡಾಗುವ ಬಳಕೆ ಯಾವುದು, ಆಗದಿರುವ ಬಳಕೆ ಯಾವುದು ಎಂಬುದನ್ನು ಬೇರ್ಪಡಿಸಿ ಗೊತ್ತುಮಾಡಬೇಕು. ಸಿಮೆಂಟಿನ ಮಹಡಿಗೂ ಹೂವಿನ ಬುಟ್ಟಿಗೂ ಒಂದೇ ಶಿಕ್ಷೆ ಸಲ್ಲದು.

ಇದು ಮುಗಿದ ಕಥೆಯೆಂದು ವಾಚಕರು ಕೈಬಿಡಲಾಗದು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆಯು ಅದರ ಮುಖ್ಯಪಟ್ಟಣವಾಯಿತು. ಜಿಲ್ಲೆಯ ಮುಖ್ಯಪಟ್ಟಣವೆಂದ ಮೇಲೆ ಕಚೇರಿಗಳು ಬೇಕು, ಅಗಲವಾದ ರಸ್ತೆಗಳು ಬೇಕು. ಹೊಸಪೇಟೆಯಲ್ಲಿಯೇ ಆಗಲಿ, ಮೈಸೂರು, ಧಾರವಾಡ, ಕಲಬುರಗಿಗಳಲ್ಲಿಯೇ ಆಗಲಿ, ಹಳೆಯ ಪೇಟೆಯಲ್ಲಿ ಮನೆಯುಳ್ಳವರ ಬಾಗಿಲಿಗೆ ಒಂದಲ್ಲ ಒಂದು ದಿನ ಅಳತೆಯ ಸರಪಳಿ ಬಂದೇ ಬರುವುದು. ಆ ದಿನಕ್ಕೆ ಮುಂಚೆಯೇ ಗೃಹಸ್ಥರು ಕೆಲವು ಸಂಗತಿಗಳನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಮನೆಯ ಕಾಗದಪತ್ರ, ತೆರಿಗೆಯ ರಸೀತಿಗಳನ್ನು ಒಂದೆಡೆ ಜೋಪಾನವಾಗಿರಿಸಬೇಕು. ನೆರೆಯಲ್ಲಿ ರಕ್ಷಿತ ಸ್ಮಾರಕವಿದ್ದರೆ ಅದರ ಎಲ್ಲೆಯು ಎಲ್ಲಿಯವರೆಗೆಂದು ಇಲಾಖೆಯಿಂದ ಕೇಳಿ ತಿಳಿಯಬೇಕು. ಕಟ್ಟುವ ಮೊದಲು, ದುರಸ್ತಿಯಾದರೂ ಸರಿಯೆ, ಬರವಣಿಗೆಯಲ್ಲಿ ಅಪ್ಪಣೆಯನ್ನು ಪಡೆಯಬೇಕು. ‘ಎಲ್ಲರೂ ಕಟ್ಟಿರುವರು’ ಎಂಬುದು ನ್ಯಾಯಾಲಯದಲ್ಲಿ ಉತ್ತರವಾಗದು. ಊರಿನ ಯೋಜನೆಯ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಕರೆದಾಗ ಗಡುವಿನೊಳಗೆ ಬರೆದು ಕೊಡಬೇಕು. ಆಗ ಸುಮ್ಮನಿದ್ದು ಯಂತ್ರ ಬಂದ ದಿನ ಅಳುವುದರಿಂದ ಫಲವಿಲ್ಲ.

ಯಾತ್ರೆಗೆ ಹೋಗುವ ನಮ್ಮದೂ ಕೆಲವು ಹೊಣೆಗಳಿರುವುವು. ಮಂಟಪದ ಕಂಬದ ಮೇಲೆ ಹೆಸರನ್ನು ಕೆತ್ತುವವರು ಅದನ್ನು ಮನೆಮಾಡಿಕೊಂಡಿದ್ದವರಿಗಿಂತ ಹೆಚ್ಚಿನ ತಪ್ಪುಗಾರರು. ಅವರಿಗೆ ಹಸಿವಿನ ನೆಪವೂ ಇಲ್ಲ. ಒಲೆಹೂಡಿ ಅಡಿಗೆಮಾಡುವುದು, ಎಂಜಲೆಲೆಯನ್ನು ಎಸೆಯುವುದು ಇವೂ ಸಲ್ಲವು. ಕಾಯಿಯನ್ನೋ ಹೂವನ್ನೋ ಕಸೂತಿಯ ಚೀಲವನ್ನೋ ಕೊಳ್ಳಬೇಕೆನಿಸಿದರೆ ಆ ಊರಿನವರಿಂದಲೇ ಕೊಳ್ಳಬಹುದು. ಹೋಗುವಾಗ ದಾರಿಯಲ್ಲಿ ಕದ್ದಿರಾಂಪುರವು ಸಿಕ್ಕುವುದು. ಮಕ್ಕಳಿಗೆ ಅದನ್ನು ತೋರಿಸಿ, ಹಂಪೆಯ ಜನರು ಇಲ್ಲಿಗೂ ಬಂದಿರುವರೆಂದು ಹೇಳಬಹುದು. ಸ್ಮಾರಕಗಳ ಪಟ್ಟಿಯಲ್ಲಿ ಆ ಊರಿನ ಮನೆಗಳು ಇಲ್ಲದಿರಬಹುದು. ಹಂಪೆಯ ಚರಿತ್ರೆಯಲ್ಲಿ ಅವುಗಳಿಗೂ ಎಡೆಯುಂಟು.

ಚೈತ್ರಮಾಸದಲ್ಲಿ ಪಂಪಾ ವಿರೂಪಾಕ್ಷರ ಕಲ್ಯಾಣ, ಹುಣ್ಣಿಮೆಯ ತೇರು. ಅಂದು ಹೊಸಪೇಟೆ, ಕಂಪ್ಲಿ, ಸಂಡೂರು, ಗಂಗಾವತಿಗಳ ಕಡೆಯಿಂದ ಜನರು ಕಿಕ್ಕಿರಿದು ಬರುವರು. ಬೆಂಡು ಬತ್ತಾಸು, ಬಳೆ, ಪೀಪಿಗಳ ಅಂಗಡಿಗಳು ಸಾಲಾಗಿ ಕೂಡುವುವು. ಬರಿದಾದ ಬೀದಿಯು ಅಷ್ಟು ಹೊತ್ತು ತುಂಬಿ, ಎದುರು ಬಸವಣ್ಣನ ಕಡೆಗೆ ತೇರು ಸಾಗುವುದು. ಐದುನೂರು ವರ್ಷದ ಹಿಂದೆ ಪಾಯಸನು ಕಂಡ ಬೀದಿಯು ಅಂದು ಒಂದು ದಿನದ ಮಟ್ಟಿಗೆ ನಮಗೂ ಕಾಣಿಸುವುದು. ಕದ್ದಿರಾಂಪುರದವರೂ ಬಂದು ತೇರಿನ ಹಗ್ಗಕ್ಕೆ ಕೈಹಚ್ಚುವರು. ತೇರು ನೆಲೆಗೆ ಬಂದ ಮೇಲೆ ಎಲ್ಲರಂತೆ ಅವರೂ ಬಸ್ಸನ್ನು ಹಿಡಿಯುವರು. ವಿರೂಪಾಕ್ಷನ ಬೀದಿಯಲ್ಲಿ ಹುಟ್ಟಿದವರಿಗೆ ಆ ಬೀದಿಯಲ್ಲಿ ಹಗಲಾದರೂ ಕುಳಿತು ಬಾಳುವ ಒಂದು ಹದವನ್ನು ಬಲ್ಲವರು ಕಂಡುಹಿಡಿಯಲಿ ಎಂಬುದೇ ನಮ್ಮ ಹಾರೈಕೆ.